ಬಟ್ಟೆ ಸಾಲದ ಕುರ್ಚಿಗಳು

ಮನೆಗೆ ಬಂದವರಿಗೆ "ಬನ್ನಿ, ಕೂತ್ಕೊಳ್ಳಿ" ಎನ್ನುವುದು ಯಾರಿಗಾದರೂ ಸುಲಭ. "ಅದರಲ್ಲಿ ಬೇಡ, ಇದರಲ್ಲಿ ಕೂತ್ಕೊಳ್ಳಿ, ಇದರಲ್ಲೂ ಸ್ವಲ್ಪ ಎಡಕ್ಕೆ" ಎಂದು ಮುಂದುವರಿಸಬೇಕಾಗುತ್ತದಲ್ಲ, ಕಷ್ಟವಿರುವುದು ಅಲ್ಲಿ.

ನಮ್ಮ ಮನೆಯಲ್ಲಿ ನಾಲ್ಕು ಮೆತ್ತೆಯ ಕುರ್ಚಿಗಳಿದ್ದವು. ನನ್ನ ಮಾವ, ಕೋಗಿಲು ಹಳ್ಳಿಯ ಚಿಕ್ಕಬೈರಪ್ಪನವರು, ನಮ್ಮ ಮದುವೆಯಲ್ಲಿ ಕೊಟ್ಟವು. ತಮ್ಮ ಹೊಲದ ಬದುವಿನಲ್ಲಿದ್ದ ಹಲಸಿನ ಮರ ಕಡಿಸಿ, ಯಲಹಂಕದ ಬಡಗಿಯಿಂದ ಮಾಡಿಸಿ, ಕೂರುವಲ್ಲಿ ಒರಗುವಲ್ಲಿ ಮೆತ್ತೆ ಹಾಕಿಸಿ, ಮೇಲೆ ಕಡುಗೆಂಪು ಮಕಮಲ್ಲು ಹೊದಿಸಿ, ಎತ್ತಿನ ಗಾಡಿಯಲ್ಲಿ ಹೇರಿಸಿ ನಮ್ಮೂರು ಕೊಡಿಗೇಹಳ್ಳಿಗೆ ಕಳಿಸಿದ್ದರು. ಆಗ ಅವು ಸಿಂಹಾಸನಗಳೇ. ನಾನು, ಹೆಬ್ಬಾಳದ ಸರ್ಕಾರಿ ಕಚೇರಿಯೊಂದರಲ್ಲಿ ಕುರಿ ಕೋಳಿ ಹಸುಗಳ ಕಾಗದಪತ್ರ ನೋಡುವ ಗುಮಾಸ್ತ ಪಿಳ್ಳಪ್ಪ, ಸಂಜೆ ಸೈಕಲ್ಲಿನಿಂದ ಇಳಿದು ಅದರಲ್ಲಿ ಕೂತರೆ ಸ್ವಲ್ಪ ಹೊತ್ತು ಮಹಾರಾಜನಾಗುತ್ತಿದ್ದೆ. (ನನ್ನ ಹೆಂಡತಿ ಗಂಗರತ್ನಮ್ಮ "ರೇಶನ್ ಚೀಲ ಎಲ್ರೀ?" ಎಂದು ಕೇಳುವವರೆಗೆ.)

ಹನ್ನೊಂದು ವರ್ಷವಾಯಿತು. ಮಕಮಲ್ಲು ಬೋಳಾಯಿತು. ಒಳಗಿನ ತೆಂಗಿನ ನಾರು ಗಡ್ಡದಂತೆ ಹೊರಬಂತು. ಒಂದೊಂದೇ ಸ್ಪ್ರಿಂಗು ತಲೆಯೆತ್ತಿ ಲೋಕ ನೋಡತೊಡಗಿತು. ಅರವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಊರಿನ ಶಾಲೆಯ ಹೆಡ್‌ಮಾಸ್ತರರು ನಮ್ಮಲ್ಲಿ ಕಾಫಿ ಕುಡಿದು, "ಬರ್ತೀನಿ ಪಿಳ್ಳಪ್ಪನೋರೆ" ಎಂದು ಎದ್ದರು. ಅವರು ಎದ್ದರು, ಅವರ ಪಂಚೆ ಏಳಲಿಲ್ಲ. ಮೊಳದಷ್ಟು ಹರಿದ ಪಂಚೆಯನ್ನು ಕೊಡೆಯಿಂದ ಮರೆಮಾಡಿಕೊಂಡು ಆ ಸಜ್ಜನರು ಬೀದಿಯುದ್ದಕ್ಕೂ ಏಡಿಯ ಹಾಗೆ ಅಡ್ಡಡ್ಡ ನಡೆದುಹೋದದ್ದನ್ನು ನೋಡಿ ನನ್ನ ಹೆಂಡತಿ ಒಂದೇ ಮಾತು ಹೇಳಿದಳು:

"ಊರ್ ಗಂಡಸರ ಪಂಚೆ ಹರಿಯೋಕೆ ನಮ್ಮಪ್ಪ ಕುರ್ಚಿ ಕೊಟ್ರಾ? ನಾಳೇನೇ ಒಂದು ಥಾನು ಬಟ್ಟೆ ತನ್ನಿ. ನಾಲ್ಕಕ್ಕೂ ಹೊದಿಸಿ. ಮುಗೀತು."

ಅಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಆ ಹೊತ್ತಿಗೆ ನನ್ನ ಕೈಗೊಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತ್ತು. ನಮ್ಮ ಕಚೇರಿಗೆ ಬಂದಿದ್ದ ಯಾರೋ ವಿದೇಶಿ ತಜ್ಞರು ಬಿಟ್ಟುಹೋದದ್ದು. ಅದರಲ್ಲಿ ಕೋಣೆಯೊಂದರ ಚಿತ್ರ. ಕೋಣೆಯಲ್ಲಿ ಮೆತ್ತೆಯ ಕುರ್ಚಿಗಳು. ಎರಡಕ್ಕೆ ಹೂವಿನ ಬಟ್ಟೆ, ಎರಡಕ್ಕೆ ಪಟ್ಟೆಯ ಬಟ್ಟೆ. ಎಲ್ಲ ಕುರ್ಚಿಗೂ ಒಂದೇ ಬಟ್ಟೆ ಹೊದಿಸಿದರೆ ಮನೆ ಹೋಟೆಲಿನಂತೆ ಕಾಣುತ್ತದೆ, ಬೇರೆ ಬೇರೆ ಬಟ್ಟೆಗಳನ್ನು ಪರಸ್ಪರ ಹೊಂದುವಂತೆ ಆರಿಸುವುದೇ ಸುಸಂಸ್ಕೃತರ ಲಕ್ಷಣ ಎಂದು ಕೆಳಗೆ ಬರೆದಿತ್ತು. ಓದಿದೊಡನೆ ನನಗೆ ಜ್ಞಾನೋದಯವಾಯಿತು. ಅಂದು ಸಂಜೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತು 'ಆಸನವಸ್ತ್ರ ಸಮನ್ವಯ ಸಿದ್ಧಾಂತ'ವನ್ನು ಮಂಡಿಸಿದೆ.

ಗಂಗರತ್ನ ಮುದ್ದೆ ತೊಳಸುತ್ತ ಎಲ್ಲ ಕೇಳಿಸಿಕೊಂಡಳು. "ಅಂದ್ರೆ ಎರಡು ಥರ ಬಟ್ಟೆ?" ಎಂದಳು.

"ಎರಡು ಥರ. ಆದ್ರೆ ಒಂದಕ್ಕೊಂದು ಹೊಂದ್ಬೇಕು."

"ಜನ ಏನಂತಾರೆ?"

"ಜನ ಕಲೀತಾರೆ," ಎಂದೆ.

ಅವಳು ಇನ್ನೇನೂ ಹೇಳಲಿಲ್ಲ. ಅವಳು ಸುಮ್ಮನಾದರೆ ಒಪ್ಪಿದಳೆಂದೇ ನಾನು ತಿಳಿದುಕೊಳ್ಳುವುದು. ಹನ್ನೊಂದು ವರ್ಷದಲ್ಲಿ ಆ ತಿಳಿವಳಿಕೆ ಒಂದು ಸಲವೂ ಸರಿಯಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಯಶವಂತಪುರದಲ್ಲಿ ತಾಜುದ್ದೀನ್ ಎಂಬ ಮೆತ್ತೆ ಕೆಲಸದವನಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬಾಯಲ್ಲಿ ಸದಾ ಏಳೆಂಟು ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವನ ಮಾತಿಗೆ ಸ್ವಲ್ಪ ಕಬ್ಬಿಣದ ರುಚಿ. ನಾನು ಪತ್ರಿಕೆಯ ಹಾಳೆ ಬಿಡಿಸಿ ಅವನ ಮುಂದಿಟ್ಟೆ.

"ಇದೇ ಥರ ಆಗ್ಬೇಕು ತಾಜುದ್ದೀನ್."

ಅವನು ಹಾಳೆಯನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಯಾವ ಬಣ್ಣ ಸ್ವಾಮಿ? ಇದ್ರಾಗೆ ಎಲ್ಲಾ ಬೂದಿ ಬಣ್ಣ ಐತಲ್ಲ."

ಆಗಲೇ ನನ್ನ ಗಮನಕ್ಕೆ ಬಂದದ್ದು, ಚಿತ್ರ ಕಪ್ಪು ಬಿಳುಪಿನದು ಎಂದು. ಆದರೆ ಸಿದ್ಧಾಂತಿಯಾದವನು ಇಂಥ ಚಿಲ್ಲರೆ ವಿಷಯಕ್ಕೆ ಹೆದರಬಾರದು. ಅವನಲ್ಲಿದ್ದ ಬಟ್ಟೆ ತುಂಡುಗಳ ಗಂಟು ಬಿಚ್ಚಿಸಿ, ನೀಲಿ ಹೂವಿನದೊಂದು, ಕಿತ್ತಳೆ ಪಟ್ಟೆಯದೊಂದು ಆರಿಸಿ ಪಕ್ಕಪಕ್ಕ ಇಟ್ಟೆ. ತಾಜುದ್ದೀನ್ ಮೊಳೆಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡ. ಅವನು ಹಾಗೆ ಮಾಡಿದರೆ ವಿಷಯ ಗಂಭೀರವೆಂದು ಅರ್ಥ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಒಂದು ನಗು ಕೇಳಿಸಿತು. ಆಮೇಲೆ ದಖನಿ ಉರ್ದುವಿನಲ್ಲಿ ಏನೋ ಮಾತು.

"ನಮ್ಮ ಮನೆಯೋಳು, ಜೈಬುನ್ನೀಸಾ," ಎಂದ ತಾಜುದ್ದೀನ್ ಸಂಕೋಚದಿಂದ. "ಈ ಎರಡು ಬಟ್ಟೆಗೂ ಮಾತುಕತೆ ಇಲ್ಲ, ಒಂದೇ ಮನೇಲಿ ಇಟ್ರೆ ಜಗಳ ಆಡ್ತವೆ ಅಂತಾಳೆ."

ಪರದೆ ಸ್ವಲ್ಪ ಸರಿಯಿತು. ಬಳೆಗಳಿದ್ದ ಒಂದು ಕೈ ಹೊರಬಂದು ಗಂಟನ್ನು ಒಳಗೆ ಎಳೆದುಕೊಂಡಿತು. ನಾನು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಎರಡು ತುಂಡುಗಳು ಹೊರಬಂದವು. ಒಂದು, ಕೆನೆ ಬಣ್ಣದ ನೆಲದ ಮೇಲೆ ಇಟ್ಟಿಗೆ ಬಣ್ಣದ ದೊಡ್ಡ ಹೂ, ಎಲೆಗಳು ಮಾತ್ರ ಹಸಿರು. ಇನ್ನೊಂದು, ಅದೇ ಕೆನೆ, ಅದೇ ಇಟ್ಟಿಗೆ, ಅದೇ ಹಸಿರಿನ ಪಟ್ಟೆಗಳು. ಪಕ್ಕಪಕ್ಕ ಇಟ್ಟರೆ ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲು ಮನಸ್ಸಾಗದು. ಹೂವಿನ ಕುರ್ಚಿಯ ಅಂಚಿಗೆ ಹಸಿರು, ಪಟ್ಟೆಯ ಕುರ್ಚಿಯ ಅಂಚಿಗೆ ಇಟ್ಟಿಗೆ ಬಣ್ಣ ಕೊಡಬೇಕೆಂದೂ ಒಳಗಿನಿಂದ ಅಪ್ಪಣೆಯಾಯಿತು.

"ನಾನೂ ಅದನ್ನೇ ಹೇಳೋಣಾಂತಿದ್ದೆ," ಎಂದೆ. ಒಳಗೆ ಮತ್ತೆ ನಗು.

ಹದಿನೈದು ದಿನಕ್ಕೆ ತಾಜುದ್ದೀನ್ ಕುರ್ಚಿಗಳನ್ನು ತಂದಿಳಿಸಿ, ಬಣ್ಣ ಆರಿಸಿದ್ದು ಯಾರೆಂಬುದನ್ನೂ ಗಂಗರತ್ನಳಿಗೆ ಹೇಳಿಹೋದ. ನಿಜ ಹೇಳುತ್ತೇನೆ, ಚೆನ್ನಾಗಿದ್ದವು. ಕಿಟಕಿಯ ಬೆಳಕಿನಲ್ಲಿ ನಮ್ಮ ಸುಣ್ಣದ ಗೋಡೆಯ ನಡುಮನೆಯೊಳಗೆ ಯಾರೋ ಒಂದು ತೋಟ ಮಾಡಿಕೊಟ್ಟ ಹಾಗಿತ್ತು. ಗಂಗರತ್ನ ಒಂದೊಂದರ ಮೇಲೂ ಕೈಯಾಡಿಸಿದಳು. ಹೂವಿನದನ್ನು ಪಟ್ಟೆಯದರ ಪಕ್ಕಕ್ಕೆ ಜರುಗಿಸಿದಳು. ದೂರ ಹೋಗಿ ನಿಂತು ನೋಡಿದಳು. "ಹೆಂಗಿದೆ?" ಎಂದೆ. "ಇರ್ಲಿ," ಎಂದಳು. ನಮ್ಮವಳ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಲಕ್ಷ್ಮಿದೇವಮ್ಮ. ಹೊಸ್ತಿಲಲ್ಲೇ ನಿಂತು ನಾಲ್ಕೂ ಕುರ್ಚಿಯನ್ನು ನೋಡಿದಳು. ಮುಖದಲ್ಲಿ ಮರುಕ ತುಂಬಿಬಂತು.

"ಅಯ್ಯೋ ರತ್ನಮ್ಮ, ಬಟ್ಟೆ ಸಾಲ್ಲಿಲ್ವಾ?"

ನಾನು ಒಳಗಿನಿಂದ ಓಡಿಬಂದೆ. "ಸಾಲದೆ ಅಲ್ಲಾಮ್ಮ. ಇದು ಹೊಸ ಪದ್ಧತಿ. ಎರಡು ಬಟ್ಟೆ ಒಂದಕ್ಕೊಂದು..."

"ಬಿಡಿ ಅಣ್ಣ, ನಮ್ಮತ್ರ ಏನು ಸಂಕೋಚ? ನಮ್ಮ ಮನೆಯೋರ ಶರ್ಟಿಗೂ ಹೋದ್ ವರ್ಷ ಇಂಗೇ ಆಯ್ತು. ಒಂದು ತೋಳು ಬ್ಯಾರೆ ಬಣ್ಣ ಹಾಕ್ಸಿದ್ವಿ. ಯಾರ್ಗೂ ಗೊತ್ತಾಗ್ಲಿಲ್ಲ."

ಎರಡನೆಯವರು ಹೆಡ್‌ಮಾಸ್ತರರು. (ಅವರು ಈ ಸಲ ಕೂರುವ ಮುನ್ನ ಅಂಗೈಯಿಂದ ಒತ್ತಿ ನೋಡಿದರು.) ನನ್ನ ಸಿದ್ಧಾಂತವನ್ನು ಕಣ್ಣು ಮುಚ್ಚಿ ಕೇಳಿ, "ಇರೋದ್ರಲ್ಲೇ ಹೊಂದಿಸ್ಕೊಳ್ಳೋದು ದೊಡ್ಡ ಗುಣ ಪಿಳ್ಳಪ್ಪನೋರೆ," ಎಂದು ಬೆನ್ನು ತಟ್ಟಿದರು. ಮೂರನೆಯವಳು ಹಿಂದಿನ ಬೀದಿಯ ಮುನಿಕೆಂಪಮ್ಮ. ಅವಳು ಏನೂ ಕೇಳಲಿಲ್ಲ. ಸುಮ್ಮನೆ ಮನೆಗೆ ಹೋಗಿ, ತನ್ನ ಕಿಟಕಿ ಪರದೆಗೆ ತಂದು ಮಿಕ್ಕಿದ್ದ ಬಟ್ಟೆಯನ್ನು ಮಡಿಚಿ ತಂದು, "ಎರಡು ಕುರ್ಚಿಗಾಗ್ತದೆ ತಕೋ," ಎಂದು ಗಂಗರತ್ನಳ ಮಡಿಲಿಗೆ ಹಾಕಿ ಹೋದಳು.

ನನಗೆ ಮೊದಮೊದಲು ಕೋಪ ಬಂತು. ಆಮೇಲೆ ಯೋಚನೆ ಬಂತು. 'ನಮ್ಮ ಹತ್ತಿರ ಇಲ್ಲ' ಎನ್ನುವವನನ್ನು ಜನ ತಟ್ಟನೆ ನಂಬುತ್ತಾರೆ, ಹತ್ತಿರ ಬರುತ್ತಾರೆ, ಕೈಯಲ್ಲಿದ್ದುದನ್ನು ಕೊಡುತ್ತಾರೆ. 'ನನಗೆ ಹೀಗೇ ಇಷ್ಟ' ಎನ್ನುವವನನ್ನು ಮಾತ್ರ ನಂಬುವುದಿಲ್ಲ. ಬಡತನ ಅವರಿಗೆ ಗೊತ್ತಿರುವ ಸಂಗತಿ. ಇಷ್ಟ ಎನ್ನುವುದು, ಅದೂ ಕುರ್ಚಿಯ ಬಟ್ಟೆಯಲ್ಲಿ ಇಷ್ಟ ಎನ್ನುವುದು, ನಮ್ಮಂಥವರ ಮನೆಗೆ ಇನ್ನೂ ಬಂದಿರಲಿಲ್ಲ. ಬಂದರೆ ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯದು. ಇಷ್ಟೆಲ್ಲ ಯೋಚಿಸಿದರೂ, ಇಷ್ಟವನ್ನು ಕಾಪಾಡಿಕೊಳ್ಳುವ ಧೈರ್ಯ ನನಗಿದೆಯೇ ಎಂದು ಮಾತ್ರ ಯೋಚಿಸಲಿಲ್ಲ.

ಆಗ ಬಂದರು ನನ್ನ ಮಾವ.

ಚಿಕ್ಕಬೈರಪ್ಪನವರು ಮಾತು ಕಡಿಮೆಯ ಮನುಷ್ಯ. ರಾಗಿಹಿಟ್ಟಿನ ಚೀಲ ಇಳಿಸಿ, ಕಾಲು ತೊಳೆದು, ನಡುಮನೆಗೆ ಬಂದು ತಮ್ಮ ಹಲಸಿನ ಮರದ ಕುರ್ಚಿಗಳನ್ನು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕಾಲುಗಳನ್ನು ಅಲ್ಲಾಡಿಸಿ ನೋಡಿದರು. ಊಟ ಮಾಡಿದರು, ಮೊಮ್ಮಕ್ಕಳ ತಲೆ ಸವರಿದರು, ಬಸ್ಸು ಹಿಡಿದು ಹೊರಟುಹೋದರು. ಏನೂ ಕೇಳಲಿಲ್ಲವಲ್ಲ, ಮಾವ ಒಬ್ಬರಾದರೂ ರಸಿಕರು ಎಂದುಕೊಂಡೆ.

ಮುಂದಿನ ಬುಧವಾರ ಮತ್ತೆ ಬಂದರು. ಈ ಸಲ ಹೆಗಲ ಮೇಲೆ ಒಂದು ದೊಡ್ಡ ಗಂಟು. ಬಿಚ್ಚಿದರೆ ಹಾಸಿಗೆಗೆ ಹೊಲಿಯುತ್ತಾರಲ್ಲ, ಆ ನೀಲಿ ಗೆರೆಯ ದಪ್ಪ ಬಟ್ಟೆ, ಇಡೀ ಥಾನು.

"ಇದೇನು ಮಾವ?"

ಮಾವ ನನ್ನನ್ನು ಹಿತ್ತಲ ಕಡೆ ಕರೆದುಕೊಂಡು ಹೋದರು. ದನಿ ತಗ್ಗಿಸಿದರು. "ಅಳಿಯಂದ್ರೆ, ಮನುಸ್ಯನ ಮ್ಯಾಲೆ ಮೋಡ ಬತ್ತದೆ, ಓಯ್ತದೆ. ನಾವೇನು ಒರಗಿನೋರಾ? ಒಂದು ಮಾತು ಏಳ್ಬಾರ್ದಾ?"

"ಏನನ್ನ ಹೇಳ್ಬೇಕಿತ್ತು ಮಾವ?"

"ಎಲ್ಡು ಕುರ್ಚಿಗೆ ಒಂದು ಬಟ್ಟೆ, ಎಲ್ಡಕ್ಕೆ ಇನ್ನೊಂದು. ನಂಗೂ ಕಣ್ಣು ಕಾಣ್ತದೆ."

ನಾನು ಸಿದ್ಧಾಂತಕ್ಕೆ ತೊಡಗಿದೆ. ಇದು ಹೊಸ ಫ್ಯಾಷನ್ನು, ಬಿಳಿಯರ ಸೀಮೆಯಲ್ಲೆಲ್ಲ ಹೀಗೇ, ಪತ್ರಿಕೆಯಲ್ಲಿ ಬಂದಿದೆ ಎಂದೆ. ಮಾವ ತಲೆಯಾಡಿಸುತ್ತ ಕೇಳಿದರು. ಕೊನೆಗೆ ನನ್ನ ಭುಜ ಹಿಡಿದು, "ಊಂ, ಅಂಗೇ ಏಳಿ. ಮರ್ವಾದಸ್ತರು ಅಂಗೇ ಏಳ್ಬೇಕು," ಎಂದರು. ಕಣ್ಣು ತುಂಬಿತ್ತು.

ಅವರು ಹೋದ ಮೇಲೆ ಗಂಗರತ್ನ ಆ ಗಂಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಬಸ್ ಸ್ಟ್ಯಾಂಡಿಂದ ಇಷ್ಟು ಭಾರ ಹೊತ್ಕೊಂಡು ಬಿಸಿಲಲ್ಲಿ ನಡ್ಕೊಂಡು ಬಂದಿದಾರೆ ಕಣ್ರೀ," ಎಂದಳು. "ಮಗಳು ಕಷ್ಟದಲ್ಲಿದಾಳೆ, ಹೇಳ್ಕೊಳ್ತಿಲ್ಲ ಅಂತ. ವಾರವೆಲ್ಲಾ ಅದನ್ನೇ ಯೋಚನೆ ಮಾಡಿರ್ತಾರೆ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಈಗ ಆ ಗಂಟನ್ನು ಎತ್ತಿ ಒಳಗಿಟ್ಟೆ. ಮಾರನೆಯ ದಿನವೇ ಯಶವಂತಪುರಕ್ಕೆ ಹೋಗಿ, ಸೋಮವಾರ ಬಂದು ನಾಲ್ಕೂ ಕುರ್ಚಿಗೆ ಈ ನೀಲಿ ಗೆರೆಯ ಬಟ್ಟೆ ಹೊದಿಸಬೇಕೆಂದು ತಾಜುದ್ದೀನನಿಗೆ ಹೇಳಿದೆ. ಅವನು ಮೊಳೆಗಳನ್ನು ಬಾಯಿಂದ ತೆಗೆದ. "ನನ್ ಕೆಲ್ಸ ಚೆನ್ನಾಗಿಲ್ವಾ ಸ್ವಾಮಿ?" ಎಂದ. "ಚೆನ್ನಾಗಿದೆ," ಎಂದೆ. "ಮತ್ಯಾಕೆ?" ಎಂದ. ಪರದೆಯ ಹಿಂದೆ ಈ ಸಲ ನಗು ಕೇಳಿಸಲಿಲ್ಲ.

ಆ ಶನಿವಾರ ಸಂಜೆ ನಮ್ಮ ಕಚೇರಿಯ ಸಾಹೇಬರ ಜೀಪು ಬಳ್ಳಾರಿ ರಸ್ತೆಯಲ್ಲಿ, ನಮ್ಮ ಊರಿನ ತಿರುವಿನಲ್ಲೇ, ಬಿಸಿಯಾಗಿ ನಿಂತಿತು. ಡ್ರೈವರು ನೀರಿಗೆಂದು ಕೊಡ ಕೇಳಿಕೊಂಡು ನಮ್ಮ ಮನೆಗೇ ಬಂದ. ಹಿಂದೆಯೇ ಸಾಹೇಬರ ಪತ್ನಿ ತಾಹೆರಾ ಅಮ್ಮನವರು. ಕೋಲಾರದ ಕಡೆಯವರು, ಚೊಕ್ಕ ಕನ್ನಡ. ಗಂಡನ ಜೊತೆ ಎರಡು ವರ್ಷ ಲಂಡನ್ನಿನಲ್ಲಿದ್ದು ಆಗಷ್ಟೇ ಹಿಂತಿರುಗಿದ್ದರು. ಸಾಹೇಬರು ಜೀಪಿನ ಹತ್ತಿರವೇ ಉಳಿದಿದ್ದರು.

"ಬನ್ನಿ ಅಮ್ಮಾವ್ರೆ, ಕೂತ್ಕೊಳ್ಳಿ," ಎಂದೆ.

ಅವರು ಕೂರಲಿಲ್ಲ. ನಿಂತೇ ಕುರ್ಚಿಗಳನ್ನು ನೋಡಿದರು. ಹೂವಿನದನ್ನು ನೋಡಿದರು, ಪಟ್ಟೆಯದನ್ನು ನೋಡಿದರು, ಮತ್ತೆ ಹೂವಿನದಕ್ಕೆ ಬಂದರು. ಆ ನೋಟ ನನಗೆ ಗೊತ್ತು. ಆ ತಿಂಗಳು ಮನೆಗೆ ಬಂದ ಪ್ರತಿಯೊಬ್ಬರ ಕಣ್ಣಿನಲ್ಲಿ ಅದನ್ನು ಕಂಡಿದ್ದೆ. ಮೇಲಧಿಕಾರಿಯ ಹೆಂಡತಿಯ ಬಾಯಿಂದ ಆ ಮರುಕದ ಮಾತು ಕೇಳುವುದು ಬೇಡವೆಂದು ನನ್ನ ಪ್ರಾಣ ಒದ್ದಾಡಿತು.

"ಪಿಳ್ಳಪ್ಪನೋರೆ, ಈ ಕುರ್ಚಿಗಳು..." ಎಂದು ಅವರು ತೊಡಗಿದರು.

"ಬಟ್ಟೆ ಸಾಲಲಿಲ್ಲ ಅಮ್ಮಾವ್ರೆ!" ಎಂದುಬಿಟ್ಟೆ. "ಅರ್ಧಕ್ಕೇ ಮುಗಿದುಹೋಯ್ತು. ಸಿಕ್ಕಿದ್ದು ಹಾಕ್ಸಿದ್ವಿ. ಸೋಮವಾರ ಬದಲಾಯಿಸ್ತೀವಿ. ತಪ್ಪು ತಿಳೀಬಾರ್ದು."

ತಾಹೆರಾ ಅಮ್ಮನವರ ಮುಖ ಬಾಡಿತು. "ಸಾಲಲಿಲ್ವಾ? ನಾನು ಬೇಕೂ ಅಂತಾನೇ ಹೀಗೆ ಆರಿಸಿದೀರಿ ಅಂದ್ಕೊಂಡೆ. ಲಂಡನ್ನಲ್ಲಿ ಒಬ್ಬರ ಮನೇಲಿ ಇದೇ ಥರ ನೋಡಿದ್ದೆ. ಇಲ್ಲಿಗೆ ಬಂದ ಮೇಲೆ ಒಂದು ಕಡೇನೂ ಕಾಣ್ಲಿಲ್ಲ. ಎಷ್ಟು ಚೆನ್ನಾಗಿದೆ! ಬದಲಾಯಿಸ್ತೀರಾ?"

ಓದುಗರೇ, ನನ್ನ ಸ್ಥಿತಿ ಊಹಿಸಿಕೊಳ್ಳಿ. ಇಡೀ ಕೊಡಿಗೇಹಳ್ಳಿಯಲ್ಲಿ ಯಾರೂ ಅರ್ಥಮಾಡಿಕೊಳ್ಳದ ನನ್ನ ಸಿದ್ಧಾಂತವನ್ನು ಅರ್ಥಮಾಡಿಕೊಳ್ಳುವ ಒಂದೇ ಒಂದು ಜೀವ ತಾನಾಗಿ ಮನೆಗೆ ನಡೆದುಬಂದಾಗ, ಆ ಜೀವದ ಮುಂದೆ ನಾನೇ ಸಿದ್ಧಾಂತದ ಕತ್ತು ಹಿಸುಕಿದ್ದೆ. ಹೆಬ್ಬಾಳದ ಕೆರೆಯಿಂದ ಎತ್ತಿ ದಂಡೆಗೆ ಹಾಕಿದ ಮೀನಿನಂತೆ ಬಾಯಿ ತೆರೆದೆ, ಮುಚ್ಚಿದೆ.

ಅಡುಗೆಮನೆಯ ಬಾಗಿಲಿನಿಂದ ಗಂಗರತ್ನ ಬಂದಳು. ಕಾಫಿ ಲೋಟ ಅವರ ಕೈಗೆ ಕೊಟ್ಟು, "ಸಾಲದೆ ಏನಮ್ಮ?" ಎಂದಳು. "ಬೇಕು ಅಂತಾನೇ ಹಿಂಗೆ ಮಾಡ್ಸಿರೋದು. ಇವ್ರಿಗೆ ನಾಚಿಕೆ, ಅಷ್ಟೆ."

"ಹೌದಾ?"

"ನೋಡಿ," ಎಂದು ಅವಳು ತಾನುಟ್ಟಿದ್ದ ಸೀರೆಯ ಸೆರಗನ್ನು ಮುಂದಕ್ಕೆ ಎಳೆದು ಹಿಡಿದಳು. "ಇದು ಒಡಲು, ಇದು ಸೆರಗು. ಒಡಲಲ್ಲಿ ಹೂವಿನ ಬುಟ್ಟಾ ಇದೆ, ಸೆರಗಲ್ಲಿ ಬರೀ ಪಟ್ಟೆ. ಆದ್ರೆ ಒಡಲಲ್ಲಿರೋ ಬಣ್ಣಾನೇ ಅಂಚಿಗೆ ಬಂದು, ಅಂಚಿಂದ ಸೆರಗಿಗೆ ಹೋಗಿರುತ್ತೆ. ಸೀರೆ ನೋಡಿ ಯಾರಾದ್ರೂ ಬಟ್ಟೆ ಸಾಲ್ಲಿಲ್ಲ ಅಂತಾರಾ? ಕುರ್ಚಿಗೂ ಅಷ್ಟೆ. ಹೂವು ಒಡಲು, ಪಟ್ಟೆ ಸೆರಗು."

ತಿಂಗಳಿಡೀ ಸಮನ್ವಯ, ಸೀಮೆ, ಪತ್ರಿಕೆ ಎಂದು ಬಡಬಡಿಸಿದ ನನಗೆ, ದಿನವೂ ಕಣ್ಣೆದುರು ಓಡಾಡುವ ಸೀರೆ ಒಂದು ಸಲವಾದರೂ ಹೊಳೆದಿದ್ದರೆ! ಲಕ್ಷ್ಮಿದೇವಮ್ಮನಿಗೆ, ಮಾವನಿಗೆ, ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು.

ತಾಹೆರಾ ಅಮ್ಮನವರು ಪಟ್ಟೆಯ ಕುರ್ಚಿಯಲ್ಲಿ ಕೂತು ಹೂವಿನ ಕುರ್ಚಿಯ ತೋಳು ಸವರಿದರು. "ನಮ್ಮ ಕ್ವಾರ್ಟರ್ಸಲ್ಲಿ ಆರು ಕುರ್ಚಿ ಇವೆ. ಮುಂದಿನ ಭಾನುವಾರ ಬಂದು ಬಟ್ಟೆ ಆರಿಸಿಕೊಡ್ತೀರಾ? ಅಂದ ಹಾಗೆ, ಇದು ಯಾರ ಯೋಚನೆ?"

ನನ್ನ ಹೆಸರು ಬರುತ್ತದೆಂದು ಕತ್ತು ನೀಡಿದೆ. ಗಂಗರತ್ನ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ನಂದೇ ಅಮ್ಮ," ಎಂದಳು. "ಯಶವಂತಪುರದ ಜೈಬುನ್ನೀಸಾ ಅಂತ ಒಬ್ರಿದಾರೆ, ಬಣ್ಣ ಅವರು ಆರಿಸಿದ್ದು. ಅವ್ರನ್ನೂ ಕರ್ಕೊಂಡು ಬರ್ತೀನಿ."

ಜೀಪು ಹೊರಟ ಮೇಲೆ ನಾನು ಜಗಳಕ್ಕೆ ನಿಂತೆ. "ನಿಂದು ಅಂದ್ಯಲ್ಲ, ಯಾವತ್ತು ನಿಂದಾಯ್ತು?"

"ನಿಮ್ದಾಗಿತ್ತು. ನೀವೇ ಎಸೆದ್ರಿ. ಅವರ ಮುಂದೇನೇ ಎಸೆದ್ರಿ," ಎಂದಳು. ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಬೀದೀಲಿ ಬಿದ್ದಿದ್ದು ಎತ್ಕೊಂಡೋರ್ದು ಕಣ್ರೀ. ನಂಗೆ ಆ ಕುರ್ಚಿ ಮೊದಲ್ನೇ ದಿನದಿಂದ ಇಷ್ಟ."

"ಮೊದಲ್ನೇ ದಿನ 'ಇರ್ಲಿ' ಅಂದೆ, ಅಷ್ಟೇ!"

"ಮತ್ತೆ? ಇಷ್ಟ ಇಲ್ದಿದ್ರೆ ಇರ್ಲಿ ಅಂತಿದ್ನಾ?"

ಮಾರನೆಯ ದಿನ, ಭಾನುವಾರ, ಬೆಳಿಗ್ಗೆಯೇ ಅವಳು ತಾಜುದ್ದೀನನಿಗೆ ಬರುವುದು ಬೇಡವೆಂದು ಹೇಳಿಕಳಿಸಿ, ಕೋಗಿಲಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದಳು. ದಾರಿಯುದ್ದಕ್ಕೂ ಸೀರೆಯ ಪಾಠ ನಡೆದಿರಬೇಕು. ಮಾವ ಒಳಗೆ ಬಂದವರೇ ಮಗಳ ಸೆರಗನ್ನು ನೋಡಿದರು, ಕುರ್ಚಿಗಳನ್ನು ನೋಡಿದರು, ಇನ್ನೊಮ್ಮೆ ಸೆರಗನ್ನು ನೋಡಿದರು. ವಾರಗಟ್ಟಲೆ ಹೊತ್ತಿದ್ದ ಭಾರ ಆ ಮುಖದಿಂದ ಇಳಿದುಹೋದದ್ದು ನನಗೆ ಕಾಣಿಸಿತು. ಹೂವಿನ ಕುರ್ಚಿಯಲ್ಲಿ ಆರಾಮವಾಗಿ ಕೂತು, ಕಾಲು ಚಾಚಿದರು.

"ಚೆನ್ನಾಗೈತೆ ಕಣವ್ವ. ನೀನೇ ಮಾಡ್ಸಿದ್ದಾ?"

"ಊಂ ಕಣಪ್ಪ," ಎಂದಳು ಮಗಳು.

ಮಾವ ನನ್ನ ಕಡೆ ತಿರುಗಿದರು. "ನೀವೇನೂ ಅಡ್ಡ ಬರ್ಲಿಲ್ವಾ ಅಳಿಯಂದ್ರೆ?"

"ಇಲ್ಲ ಮಾವ," ಎಂದೆ.

"ಒಳ್ಳೇದು ಮಾಡಿದ್ರಿ," ಎಂದು ಆ ಹಿರಿಯರು ಮನಸಾರೆ ಮೆಚ್ಚಿಕೊಂಡರು. "ತಿಳೀದಿರೋ ಇಚಾರದಾಗೆ ಗಂಡಸು ಬಾಯಿ ಆಕ್ಬಾರ್ದು."